ಹನ್ನೊಂದನೆಯವನು

ನಾಯಿ ನನ್ನ ಎಡತೋಳಿಗೆ ಬಾಯಿ ಹಾಕಿತ್ತು. ಬಿಡಲೊಲ್ಲದು!

ಎದುರಿಗೆ ಆವ್ದೋ. ಜನರನ್ನು ಕಳ್ಳದಾರಿಯಲ್ಲಿ ಗಡಿ ದಾಟಿಸುವ ಗುಂಪಿನ ಗೂಂಡಾ. ಕೈಯಲ್ಲಿ ಕೊಡಲಿ ಕಾವು.

"ಟ್ಯಾಕ್ಸಿ ಓಡಿಸೋದು ಬಿಟ್ಟು ಇಲ್ಲಿಗ್ಯಾಕೆ ಬಂದೆ, ಮುದುಕಿ?"

"ಪ್ಯಾಸೆಂಜರ್ ಇದ್ದಾನೆ. ಕರ್ಕೊಂಡು ಹೋಗೋಕೆ."

ಅವನು ನಕ್ಕ. ನಗುವವನ ಕಾಲು ಸಡಿಲ... ಬಲಗೈಗೆ ಸಿಕ್ಕ ಹಲಗೆಯನ್ನು ಅವನ ಮೊಣಕಾಲಿಗೆ ಬೀಸಿದೆ.

ಲಟಕ್!

ಆವ್ದೋ ಕುಸಿದ. ತಲೆಗೆ ಇನ್ನೊಂದು ಕೊಟ್ಟೆ. ಜಾಕೆಟ್ ಕಳಚಿ ನಾಯಿಗೇ ಬಿಟ್ಟೆ. ಜೊತೆಗೆ ನನ್ನ ಚರ್ಮವೂ ಒಂದಿಷ್ಟು ಹೋಯಿತು.

ನಾನು ಝುಮ್ರಾ. ಬಾಲ್ಕನ್ ಗಡಿಯ ಯಾಸೆನಿಕ್ ಊರಿನವಳು. ಮೊದಲು ಪೊಲೀಸ್, ಈಗ ಟ್ಯಾಕ್ಸಿ. ಕಾಣೆಯಾದವರನ್ನು ಹುಡುಕೋದು ಇನ್ನೊಂದು ಕಸುಬು. ಯುದ್ಧದಲ್ಲಿ ನಾನೂ ನಿರಾಶ್ರಿತಳೇ... ನನ್ನನ್ನು ಯಾರೂ ಹುಡುಕಲಿಲ್ಲ.

ಆ ಬೆಳಿಗ್ಗೆ ನಿರಾಶ್ರಿತರ ಶಿಬಿರದ ಗುಲ್ಸೂಮ್ ನನ್ನ ಟ್ಯಾಕ್ಸಿಗೆ ಅಡ್ಡ ನಿಂತಿದ್ದಳು. ದೂರದ ಹೆರಾತ್ ಊರಿನವಳು.

"ಅಕ್ಕಾ, ನನ್ನ ಗಂಡ ಹಶ್ಮತ್... ನದಿ ಆಚೆಯೋರು ಹನ್ನೊಂದು ಜನರನ್ನ ವಾಪಸ್ ಅಟ್ಟಿದ್ರು. ಶಿಬಿರಕ್ಕೆ ಬಂದಿದ್ದು ಹತ್ತೇ!"

"ಅವನೊಬ್ಬನೇ ಯಾಕೆ?"

"ಆಚೆ ದಡದಲ್ಲಿ ಒಬ್ಬ ಅಧಿಕಾರಿ ನಮ್ಮೋನೊಬ್ಬನನ್ನ ಹೊಡೆದು ಕೊಂದ. ನನ್ನ ಗಂಡ ಒಬ್ರೇ ನೋಡಿಬಿಟ್ರು, ಅಕ್ಕಾ."

ಎರಡು ದೇಶಗಳ ನಡುವೆ ಒಪ್ಪಂದವಿದೆ. ಅವರು ಎಣಿಸಿ ಕೊಡಬೇಕು, ನಾವು ಎಣಿಸಿ ತಗೋಬೇಕು. ನಮ್ಮ ಕಡೆ ಸಹಿ ಹಾಕೋನು ರೆಫಿಕ್. ಪೊಲೀಸಿನಲ್ಲಿ ನನ್ನ ಹಳೇ ಜೊತೆಗಾರ. ಸೀದಾ ಅವನ ಠಾಣೆಗೆ ಹೋದೆ.

"ಹನ್ನೊಂದು ಕೊಟ್ರು, ಹನ್ನೊಂದು ತಗೊಂಡೆ. ಎರಡೂ ದೇಶದ ಮೊಹರು ಇದೆ, ನೋಡು," ಅಂದ.

"ಮೊಹರು ನೋಡಿದೆ. ಮನುಷ್ಯ ಎಲ್ಲಿ?"

"ಇವತ್ತು ಹೋಟೆಲಿನಲ್ಲಿ ಐದು ದೇಶಗಳ ಸಭೆ. ವಲಸಿಗರ ಬಗ್ಗೆ ದೊಡ್ಡ ಒಪ್ಪಂದ. ಹೊಲಸು ಕೆದಕಬೇಡ, ಝುಮ್ರಾ."

ನಾನು ಅವನ ಬೂಟು ನೋಡಿದೆ. ತುಂಬ ಮರದ ಹೊಟ್ಟು! ಯಾಸೆನಿಕ್‌ನಲ್ಲಿರೋದು ಒಂದೇ ಮರದ ಮಿಲ್ಲು. ಅದು ಬಾಗಿಲು ಮುಚ್ಚಿ ಆರು ವರ್ಷವಾಗಿತ್ತು.

ಹಾಗಾಗಿ ಆ ಮಿಲ್ಲು, ಆ ನಾಯಿ, ಆ ಆವ್ದೋ.

ಹಶ್ಮತ್ ಗರಗಸದ ಹಿಂದೆ ಬಿದ್ದಿದ್ದ. ಮೈಗೆಲ್ಲ ತಂತಿ ಬಿಗಿದಿದ್ದರು. ಬಲಗೈಯ ಮೂರು ಬೆರಳು ಮುರಿದಿದ್ದವು.

"ಸಭೆ ಮುಗಿಯೋವರೆಗೆ ಹೆಣ ತೇಲಬಾರದಂತೆ. ಆಮೇಲೆ ನದಿಗೆ ಹಾಕ್ತಾರಂತೆ," ಅಂದ. ನೀರು ಕೂಡ ಕೇಳಲಿಲ್ಲ.

"ಹಾಗಾದ್ರೆ ಸಭೆಗೇ ಹೋಗೋಣ ನಡಿ."

ತಂತಿ ಬಿಚ್ಚಿ ಅವನನ್ನು ಟ್ಯಾಕ್ಸಿಗೆ ಹತ್ತಿಸಿದೆ. ಇಳಿಜಾರಿನಲ್ಲಿ ಹಿಂದೆ ಜೀಪು ಬಂತು. ರೆಫಿಕ್!

ಢಂ! ಹಿಂದಿನ ಗಾಜು ಪುಡಿ.

ಢಂ! ನನ್ನ ಕಿವಿಯ ತುದಿ ಹಾರಿತು. ಬಿಸಿ ರಕ್ತ ಕುತ್ತಿಗೆಗಿಳಿಯಿತು.

"ಬಗ್ಗು!" ಅಂತ ಕೂಗಿದೆ. ಹಶ್ಮತ್ ಆಗಲೇ ಸೀಟಿನ ಕೆಳಗಿದ್ದ. ಜಾಣ.

ಹೋಟೆಲಿನ ಗೇಟಿಗೆ ಅಡ್ಡಗಂಬ. ಬ್ರೇಕ್ ತುಳಿಯಲಿಲ್ಲ. ಮುರಿದು ಒಳನುಗ್ಗಿದೆ. ಹುಲ್ಲುಹಾಸಿನ ಮೇಲೆ ಐದು ಬಾವುಟಗಳು... ಒಂದು, ಎರಡು, ಮೂರು... ಐದೂ ಮಲಗಿದವು! ಸೂಟಿನವರು ಊಟದ ತಟ್ಟೆ ಬಿಟ್ಟು ಓಡಿದರು.

ಹಶ್ಮತ್‌ನನ್ನು ಎಳೆದು ನಿಲ್ಲಿಸಿದೆ. ರೆಫಿಕ್ ಜೀಪಿನಿಂದ ಹಾರಿದ. ಪಿಸ್ತೂಲು ನೇರ ಹಶ್ಮತ್‌ನ ಹಣೆಗೆ.

ಸುತ್ತ ಹತ್ತಾರು ಕ್ಯಾಮೆರಾ ಇದ್ದದ್ದು ಅವನಿಗೆ ಕಾಣಲಿಲ್ಲ. ನನ್ನ ವ್ಹೀಲ್ ಸ್ಪ್ಯಾನರೂ ಕಾಣಲಿಲ್ಲ. ಅವನ ಮಣಿಕಟ್ಟು ಪುಡಿಯಾಯಿತು. ಚೀರಿಕೊಂಡು ಬಿದ್ದ.

ಆಮೇಲೆ ಶುರುವಾಯಿತು ನೋಡಿ!

"ಇವನು ನಿಮ್ಮ ಪಟ್ಟಿಯಲ್ಲಿದ್ದಾನೆ," ಅಂದ ನದಿಯಾಚೆಯ ದೇಶದ ಪ್ರತಿನಿಧಿ.

"ಕಳಿಸಿದ್ದು ನೀವು ತಾನೇ? ನಿಮ್ಮೋನು!" ಅಂದ ನಮ್ಮ ಕಡೆಯವನು.

ಹಶ್ಮತ್‌ನ ಬೆರಳಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆಂಬುಲೆನ್ಸ್ ಕರೆಯುವ ಜವಾಬ್ದಾರಿ ಯಾರದು ಅಂತ ಇಬ್ಬರೂ ಕಾಗದ ತಿರುವಿದರು.

ನಾನೇ ಆಸ್ಪತ್ರೆಗೆ ಒಯ್ದೆ. ಗುಲ್ಸೂಮ್ ಓಡಿ ಬಂದಳು. ಬ್ಯಾಂಡೇಜಿನ ಕೈಯನ್ನು ಕೆನ್ನೆಗೊತ್ತಿಕೊಂಡಳು.

ಹಶ್ಮತ್ ಹೇಳಿಕೆ ಕೊಟ್ಟ. ರೆಫಿಕ್ ಮತ್ತು ಆವ್ದೋ ಒಳಗಿದ್ದಾರೆ. ಆಚೆ ದಡದ ಅಧಿಕಾರಿಯ ವಿಚಾರಣೆ ಯಾವ ದೇಶದಲ್ಲಿ ನಡೀಬೇಕು ಅನ್ನೋದು ಇನ್ನೂ ಚರ್ಚೆಯಲ್ಲಿದೆ.

ನನ್ನ ಮೇಲೂ ಕೇಸು ಬಿತ್ತು, ಬಾವುಟ ಬೀಳಿಸಿದ್ದಕ್ಕೆ.

ಅದೊಂದಕ್ಕೆ ಮಾತ್ರ ಐದೂ ದೇಶಗಳು ಒಂದೇ ಸಂಜೆಯಲ್ಲಿ ಒಮ್ಮತದಿಂದ ಸಹಿ ಹಾಕಿದವು!