ಹತ್ತಿ ಸುತ್ತಿದ ಗಂಟೆ

ಅಂದು ಬೆಳಿಗ್ಗೆ ಎಂಟಾದರೂ ಸೊರಬದ ಮಂಜು ಕರಗಿರಲಿಲ್ಲ. ಬಸ್ಸಿನ ಬೋರ್ಡು ಓದಬೇಕಾದರೆ ಜನ ಅದರ ಹತ್ತಿರಕ್ಕೇ ಹೋಗಬೇಕಿತ್ತು.

ಶಿರಾಳಕೊಪ್ಪದಿಂದ ಬಂದಿಳಿದ ಶಶಿರೇಖಾ ಚೀಲವನ್ನು ಎದೆಗವಚಿಕೊಂಡಳು. ಒಳಗೆ ಒಂದು ಗಂಟೆ. ಸದ್ದಾಗದಿರಲೆಂದು ಅದರ ನಾಲಿಗೆಗೆ ಹತ್ತು ತಿಂಗಳ ಹಿಂದೆ ಅವಳೇ ಹತ್ತಿ ಸುತ್ತಿದ್ದಳು.

ಮಂಜಿನೊಳಗಿಂದ ಕಂಬಳಿ ಹೊದ್ದ ಯುವಕನೊಬ್ಬ ಬಂದು ಎದುರು ನಿಂತ. ಬೆನ್ನಿಗೆ ಗಿಟಾರು.

“ಶಶಿರೇಖಾ ಅವರಲ್ಲೇನ್ರಿ?”

ಆ ದನಿ... ದಿನವೂ ಕಿವಿಯಲ್ಲಿ ಕೇಳಿದ ದನಿ. ಅದರ ಮುಖ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು.

“ಹ್ಞೂಂ.”

“ಬರೆಯೋವಾಗ ಪುಟಗಟ್ಟಲೆ ಬರೀತೀರಿ. ಎದುರಿಗೆ ಬಂದ್ರೆ ಬರೀ ಹ್ಞೂಂ?” ಯತೀಶ ನಕ್ಕ. “ಬರ್ರಿ, ಮೊದಲು ಚಹಾ ಕುಡಿಯೋಣ.”

ಆ ನಗು ಅವಳಿಗೆ ಮುಳ್ಳಾಯಿತು.

ಶಶಿರೇಖಾ ಹೊಲಿಗೆ ಕಲಿಸುವವಳು. ಒಂದು ಕಿವಿಯಲ್ಲಿ ಮಿಷನ್ನಿನ ಸದ್ದು, ಇನ್ನೊಂದರಲ್ಲಿ ಇಯರ್‌ಫೋನು. ಸಿನಿಮಾ ಹಾಡಲ್ಲ, ತಾವೇ ಬರೆದು, ತಾವೇ ಹಾಡಿ, ಐವತ್ತು ಕುರ್ಚಿ ಹಾಕಿಸಿ ಹದಿನೆಂಟು ಜನರ ಮುಂದೆ ನಿಲ್ಲುವ ಸಣ್ಣ ತಂಡಗಳ ಹಾಡು. ಅವುಗಳ ಬಗ್ಗೆ ದಿನಕ್ಕೆ ನಾಲ್ಕು ಸಾಲು ತನ್ನ ಪೇಜಿನಲ್ಲಿ ಬರೆಯುತ್ತಿದ್ದಳು. ‘ಈ ಹಾಡನ್ನು ಪಾತ್ರೆ ತೊಳೆಯುವಾಗ ಕೇಳಬೇಡಿ, ನೀರು ಹರಿದೇ ಹೋಗುತ್ತದೆ’ ಎಂದು ಬರೆದದ್ದು ‘ಕರಿಕಂಬಳಿ’ಯ ಹಾಡಿಗೆ.

ಅದು ಇಬ್ಬರದೇ ತಂಡ. ಉಡುತಡಿಯ ಕುರಿ ಸಾಕುವ ಮನೆಯ ಯತೀಶ ಹಾಡುತ್ತಿದ್ದ. ಶಿರಾಳಕೊಪ್ಪದ ಬಡಗಿ ನಯೀಮ್ ತಾನೇ ಮಾಡಿದ ಮರದ ಪೆಟ್ಟಿಗೆಯ ಮೇಲೆ ಕೂತು ಅದನ್ನೇ ಬಾರಿಸುತ್ತಿದ್ದ. ನಡುನಡುವೆ ಒಂದು ಗಂಟೆ ಅಲುಗಿಸುತ್ತಿದ್ದ.

ಹತ್ತು ತಿಂಗಳ ಹಿಂದೆ ಶಿಕಾರಿಪುರದಲ್ಲಿ ಅವರ ಕಾರ್ಯಕ್ರಮ ಮುಗಿದು ಜನ ಏಳುವಾಗ ಆ ಗಂಟೆ ವೇದಿಕೆಯಿಂದ ಉರುಳಿ ಅವಳ ಕಾಲಬಳಿ ಬಿತ್ತು. ದೊಡ್ಡ ಊರುಗಳಲ್ಲಿ ಡ್ರಮ್ಮಿನ ಕಡ್ಡಿ ಎಸೆದರೆ ಅಭಿಮಾನಿಗಳು ಹಿಡಿದು ಮನೆಗೊಯ್ಯುವುದನ್ನು ವಿಡಿಯೋದಲ್ಲಿ ಕಂಡಿದ್ದಳು. ಇದೂ ಹಾಗೇ ಒಂದು ನೆನಪು ಅಂದುಕೊಂಡು ದುಪಟ್ಟಾದೊಳಗೆ ಮುಚ್ಚಿಕೊಂಡಳು. ಎಸೆದದ್ದು ಬೇರೆ, ಬಿದ್ದದ್ದು ಬೇರೆ ಎಂಬುದು ಆಗ ಹೊಳೆಯಲಿಲ್ಲ.

ಮುಂದಿನ ಹಾಡು ಗಂಟೆಯಿಲ್ಲದೆ ಬಂತು. ‘ಏನೋ ಕೊರತೆ’ ಎಂದು ಅವಳೇ ಬರೆದಳು. ಯತೀಶನ ಉತ್ತರ ಬಂತು: “ನಿಮ್ಮ ಕಿವಿ ಸೂಕ್ಷ್ಮ ರೀ. ಅದು ನಮ್ಮವ್ವನ ಹಿಂಡಿನಾಗೆ ಮುಂದೆ ನಡೀತಿದ್ದ ಟಗರಿನ ಕೊರಳ ಗಂಟೆ. ನಯೀಮ ಕಳೆದ. ಅವನ ಜೊತಿ ಮಾತು ಬಿಟ್ಟೀನಿ.”

ಆಗಲೇ ಹೇಳಬಹುದಿತ್ತು. ಹೇಳಿದರೆ ಅವನು ಇನ್ನು ಬರೆಯುವುದಿಲ್ಲವೇನೋ ಎಂದು ಹೆದರಿದಳು. ಇಬ್ಬರ ನಡುವೆ ಹಾಡಿನ ಮಾತು ಮನಸ್ಸಿನ ಮಾತಾಯಿತು. ಮುಚ್ಚಿಟ್ಟದ್ದು ಮುಚ್ಚಿದಂತೆಯೇ ಉಳಿಯಿತು. ಬೆಳಗಿನ ಪೂಜೆಯಲ್ಲಿ ದೇವರಿಗೆ ಹೇಳಿಕೊಳ್ಳುತ್ತಿದ್ದಳು. ‘ತಂದೆ, ನಿನ್ನ ಮುಂದೆ ಒಂದು ಗಂಟೆ ಬಾರಿಸಿ, ಇನ್ನೊಂದರ ಬಾಯಿ ಕಟ್ಟಿದ್ದೇನಲ್ಲ...’

ಇಂದು ಸಂಜೆ ಸೊರಬದಲ್ಲಿ ಯತೀಶ ಒಬ್ಬನೇ ಹಾಡುವವನಿದ್ದ. “ಬೆಳಿಗ್ಗೆನೇ ಬರ್ರಿ, ಒಂದು ಮಾತು ಕೇಳ್ಬೇಕು” ಎಂದು ಕರೆದಿದ್ದ.

ಹೋಟೆಲಿನ ಮೇಜಿಗೆ ಚಹಾ ಬಂತು. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು, “ಮೊದಲು ನಾನು” ಎಂದು ಗಂಟೆಯನ್ನು ಮೇಜಿನ ಮೇಲಿಟ್ಟಳು.

ಅವನು ಅದನ್ನೇ ನೋಡಿದ. ಚಹಾದ ಮೇಲೆ ಕೆನೆ ಕಟ್ಟಿತು.

“ಎಲ್ಲಿ ಸಿಕ್ತು?”

“ಸಿಕ್ಕಿದ್ದಲ್ಲ ರೀ. ನಾನೇ ತಗೊಂಡಿದ್ದು. ಅವತ್ತೇ.”

“ಕಳೆದೈತಿ ಅಂತ ನಾನು ಬರೆದಾಗ...”

“ಗೊತ್ತಿತ್ತು.”

ಅವನು ಲೋಟವನ್ನು ದೂರವಿಟ್ಟ. “ನಯೀಮ ಮೂರು ದಿನ ಆ ಮೈದಾನದ ಮಣ್ಣು ಜರಡಿ ಹಿಡಿದನಂತೆ. ನಾನು ಅವನಿಗೆ ಏನಂದೆ ಗೊತ್ತೇನ್ರಿ? ಮಾರಿಕೊಂಡ್ಯಾ ಅಂದೆ.”

ಶಶಿರೇಖಾಳ ಕಣ್ಣು ತುಂಬಿತು. “ಇದನ್ನ ತಗೊಳ್ರಿ. ನಾನು ಹೋಗ್ತೀನಿ.”

ಅವನು ಗಂಟೆಯನ್ನು ಅವಳತ್ತಲೇ ಸರಿಸಿದ. “ನನ್ನ ಕೈಗೆ ಬ್ಯಾಡ. ಯಾರ ಹೆಸರು ಕೆಟ್ಟಿತೋ ಅವನ ಕೈಗೆ ಕೊಡಬೇಕು. ನಡೀರಿ.”

“ನೀವೂ ಬರ್ತೀರಾ?”

“ಎತ್ತಿಕೊಂಡೋರು ನೀವು, ಬೈದೋನು ನಾನು. ನಿಮ್ಮೊಬ್ಬರನ್ನೇ ಕಳಿಸಿದ್ರೆ ನ್ಯಾಯ ಆಗ್ತತೇನು?”

ಬಸ್ಸಿನಲ್ಲಿ ಇಬ್ಬರ ನಡುವೆ ಗಿಟಾರು ಕೂತಿತ್ತು. ಅರ್ಧ ದಾರಿಗೆ ಬಿಸಿಲು ಬಂತು.

“ನೀವು ಕೇಳ್ಬೇಕಂದಿದ್ದ ಮಾತು...” ಅವಳು ತಡವರಿಸಿದಳು.

“ಐತಿ. ಎಲ್ಲೂ ಹೋಗಿಲ್ಲ.”

“ಈಗಲೂ?”

“ಸಿಟ್ಟೂ ಐತಿ. ಎರಡೂ ಪಕ್ಕಪಕ್ಕದಾಗೆ ಕುಂತಾವೆ.”

ಶಿರಾಳಕೊಪ್ಪದ ತನ್ನ ಅಂಗಡಿಯಲ್ಲಿ ನಯೀಮ್ ಹಲಗೆ ಉಜ್ಜುತ್ತಿದ್ದ. ಬಂದವನು ಯತೀಶನೆಂದು ತಿಳಿದೂ ತಲೆ ಎತ್ತಲಿಲ್ಲ.

“ಬಾಗಿಲು ಬೇಕಾ, ಕಿಟಕಿ ಬೇಕಾ?”

“ನಯೀಮ, ತಪ್ಪು ನಂದು.”

“ಅಳತೆ ತಂದೀಯೇನು ಅದರದ್ದು?” ಎಂದವನು ಶಶಿರೇಖಾಳನ್ನು ಕಂಡು ಕೈ ನಿಲ್ಲಿಸಿದ. “ಇವರ್ಯಾರು?”

ಯತೀಶ ಅವಳ ಪಕ್ಕಕ್ಕೆ ಬಂದು ನಿಂತ. “ನಮ್ಮೋರು.”

ಆ ಒಂದು ಮಾತಿಗೆ ಅವಳು ಚೀಲದಿಂದ ಗಂಟೆಯನ್ನು ಹೊರತೆಗೆದಳು. ಈ ಮಾತಿಗೆ ನಾನು ತಕ್ಕವಳೇ... ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಏನನ್ನೂ ಉಳಿಸಿಕೊಳ್ಳದೆ.

ನಯೀಮ್ ಹಲಗೆಯನ್ನು ಪಕ್ಕಕ್ಕಿಟ್ಟ.

“ಮೂರಲ್ಲ ಅಕ್ಕ, ಐದು ದಿನ ಜರಡಿ ಹಿಡಿದೆ.” ಮೆಲ್ಲಗೆ ಹೇಳಿದ. “ಇವನ ಅವ್ವನ ಮುಖ ನೋಡಕ್ಕಾಗದೆ ಉಡುತಡಿ ದಾರೀನೇ ಬಿಟ್ಟೆ.”

ಅವಳು ಕೈ ಮುಗಿದಳು.

“ಸಂಜೆ ಸೊರಬದಾಗೆ ಕಾರ್ಯಕ್ರಮ ಐತಿ,” ಎಂದ ಯತೀಶ. “ನಿನ್ನ ಪೆಟ್ಟಿಗೆ ಚೆನ್ನಾಗೈತಾ?”

“ನಾನು ಮಾಡಿದ ಪೆಟ್ಟಿಗೆ ಕೆಡೋದಿಲ್ಲ. ಕೆಟ್ಟಿದ್ದು ನಿನ್ನ ಬಾಯಿ.” ನಯೀಮನ ಮೀಸೆಯಂಚು ಅಲುಗಿತು. “ಬರ್ತೀನಿ. ಆದ್ರೆ ಈ ಅಕ್ಕನ್ನ ಕೊನೇ ಸಾಲಿನಾಗೆ ಕೂರಿಸು.”

“ಇಲ್ಲ. ನನ್ನ ಪಕ್ಕದಾಗೆ.” ಯತೀಶ ಅವಳತ್ತ ತಿರುಗಿದ. “ಬರ್ತೀರಾ? ಇವತ್ತಿಗಷ್ಟೇ ಅಲ್ಲ.”

“ಇದೇನಾ... ಕೇಳ್ಬೇಕಂದಿದ್ದ ಮಾತು?”

“ಇದೇ.”

“ಬರ್ತೀನಿ ರೀ.”

ಅವಳು ಗಂಟೆಯ ನಾಲಿಗೆಗೆ ಸುತ್ತಿದ್ದ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿದಳು. ನಯೀಮ್ ಮರದ ಪುಡಿ ಮೆತ್ತಿದ ಅಂಗೈ ಚಾಚಿದ. ಸದ್ದಾಗದಂತೆ, ಎರಡೂ ಕೈಯಿಂದ, ಅವಳು ಗಂಟೆಯನ್ನು ಅಲ್ಲಿಟ್ಟಳು.