ಕಂದು ಕಲೆಗೆ ಹೆದರಿದವನು

"ಮುಗಿದುಹೋಯ್ತು ಅಂತ ಹೇಳೋಕೆ ನೀವ್ಯಾರ್ರೀ? ಡಾಕ್ಟ್ರಾ?"

"ಮೆಲ್ಲಗೆ ಮಾತಾಡೇ. ಗಿರಾಕಿ ನಿಂತಿದ್ದಾರೆ."

"ನಿಲ್ಲಲಿ! ಕೇಳಲಿ! ಹೆಂಡತಿ ಹೊಟ್ಟೇಲಿರೋ ಕೂಸು ಸತ್ತಿದೆ ಅಂತ ತೀರ್ಪು ಕೊಟ್ಟ ಲಾಂಡ್ರಿಯವನನ್ನ ಊರೆಲ್ಲ ನೋಡಲಿ!"

ಕೌಂಟರಿನ ಆಚೆ ನಿಂತಿದ್ದ ಮುದುಕರು ತಮ್ಮ ಪ್ಯಾಂಟನ್ನು ಎದೆಗೊತ್ತಿಕೊಂಡರು. "ನಾ... ನಾಳೆ ಬರ್ತೀನಪ್ಪ" ಎನ್ನುತ್ತ ಅಲ್ಲಿಂದ ಕಾಲ್ತೆಗೆದರು.

ಗಲ್ಲಿಯ ಮೂಲೆಯ ಆ ಲಾಂಡ್ರಿಯನ್ನು ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದರು. ಅವನಿಗೆ ಜನ ಇಟ್ಟ ಹೆಸರು ಕಲೆ ಮೇಷ್ಟ್ರು. ಬಟ್ಟೆಯನ್ನು ಬೆಳಕಿಗೆ ಹಿಡಿದು ಇದು ಶಾಯಿ, ಇದು ತುಕ್ಕು, ಇದು ಹೋಗುತ್ತೆ, ಇದು ಹೋಗಲ್ಲ ಅಂದನೆಂದರೆ ಅಲ್ಲಿಗೆ ಮಾತು ಮುಗಿಯಿತು. ಅವಳು ಬಿದ್ದ ಗುಂಡಿಗಳನ್ನು ಹೊಲಿದು ಕೊಡುವವಳು. ಕೈಯಲ್ಲೂ ಸೂಜಿ, ನಾಲಿಗೆಯಲ್ಲೂ ಸೂಜಿ ಎಂದು ಅವನೇ ನಗುತ್ತ 'ಸೂಜಿ' ಅಂತ ಕರೆಯುತ್ತಿದ್ದ.

ಆ ನಗು ಹೋಗಿ ಎಷ್ಟು ಕಾಲವಾಯಿತೋ...

ಅವತ್ತು ಬೆಳಿಗ್ಗೆ ಬಚ್ಚಲಲ್ಲಿ, ಬಕೆಟ್ಟಿನ ಹಿಂದೆ ಅವಳು ಬಚ್ಚಿಟ್ಟಿದ್ದ ಒಳಲಂಗ ಅವನ ಕೈಗೆ ಸಿಕ್ಕಿತ್ತು. ಅಭ್ಯಾಸಬಲ ನೋಡಿ, ಅದನ್ನೂ ಬೆಳಕಿಗೆ ಹಿಡಿದ! ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ. ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ನೇರ ತನ್ನ ಅಕ್ಕನಿಗೆ ಫೋನ್ ಹಚ್ಚಿದ.

"ಈ ಸಲವೂ ಹೋಯ್ತು ಕಣಕ್ಕ. ಹಸಿ ರಕ್ತ ಆಗಿದ್ರೆ ಕೆಂಪಗಿರೋದು. ಇದು ಕಂದಿದೆ, ಹಳೇದು. ಒಳಗೆ ಯಾವತ್ತೋ ಮುಗಿದಿದೆ."

ಬಾಗಿಲ ಮರೆಯಲ್ಲಿ ನಿಂತಿದ್ದವಳ ಕಿವಿಗೆ ಅಷ್ಟೂ ಬಿತ್ತು.

ಅವನ ಕಸುಬಿನಲ್ಲಿ ಕೆಂಪು ರಕ್ತಕ್ಕೆ ತಣ್ಣೀರು ಸಾಕು, ಬಿಟ್ಟುಕೊಳ್ಳುತ್ತದೆ. ಕಂದಿದ ರಕ್ತ ಮಾತ್ರ ಕೈಬಿಟ್ಟ ಕೇಸು. ಅದೇ ಲೆಕ್ಕವನ್ನು ಹೆಂಡತಿಯ ಮೈಗೂ ಹಾಕಿಬಿಟ್ಟಿದ್ದ, ಪುಣ್ಯಾತ್ಮ! ಮೈ ಅಂದರೆ ಬಟ್ಟೆಯೇ?

"ಹಾಗಾದ್ರೆ ಯಾಕೆ ಮುಚ್ಚಿಟ್ಟೆ?" ಎಂದು ಈಗ ಅಂಗಡಿಯಲ್ಲಿ ಅವನೂ ದನಿ ಏರಿಸಿದ.

"ಹೇಳಿದ್ರೆ ನಿಮ್ಮ ಮುಖ ಹೀಗಾಗುತ್ತೆ ಅಂತ! ಹೋದ ಸಲ ಆಸ್ಪತ್ರೆಯಿಂದ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ನೀವೇನು ಮಾಡಿದ್ರಿ? ಅಂಗಡಿಗೆ ಬಂದು ಇಸ್ತ್ರಿ ಉಜ್ಜಿದ್ರಿ! ಹೋಗಿದ್ದು ನನ್ನೊಬ್ಬಳ ಕೂಸಾ?"

ಅವನು ಕೌಂಟರಿನ ಮೇಲಿದ್ದ ಬಟ್ಟೆ ಮಡಚತೊಡಗಿದ. ಅವಳು ಕೈಚೀಲ ಹೆಗಲಿಗೇರಿಸಿ ಆಸ್ಪತ್ರೆಗೆಂದು ಬೀದಿಗಿಳಿದಳು.

ಹಿಂದೆ ಶಟರ್ ಎಳೆದ ಸದ್ದು ಕೇಳಿಸಿತು. ಅವನು ಬೈಸಿಕೊಂಡ ನಾಯಿಯ ಹಾಗೆ ದೂರ ಬಿಟ್ಟು ಬರುತ್ತಿದ್ದ. 'ಬಂದು ಕೈ ಹಿಡೀಬಾರದಾ?' ಅಂದುಕೊಂಡಳು. ಹಿಂತಿರುಗಿ ಮಾತ್ರ ನೋಡಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಉದ್ದದ ಬೆಂಚು. ಎದುರಿಗೆ ಒಬ್ಬ ತನ್ನ ಹೆಂಡತಿಯ ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದ. ಅವಳು ಆ ಕಡೆ ನೋಡಬಾರದು ಅಂದುಕೊಂಡೇ ನೋಡಿದಳು.

ಇವನು ಬೆಂಚಿನ ಆ ತುದಿಗೆ ಕೂತ. ಆಮೇಲೆ ಸ್ವಲ್ಪ ಸರಿದ. ಇನ್ನೂ ಸ್ವಲ್ಪ...

"ಸೂಜಿ..."

"ಏನು?"

"ಹೋದ ಸಲ ನಾನು ಇಸ್ತ್ರಿ ಹಾಕಲಿಲ್ಲ ಕಣೇ. ಪೆಟ್ಟಿಗೆ ಬಿಸೀನೇ ಮಾಡಿರಲಿಲ್ಲ. ಒಗೆಯೋ ಬಟ್ಟೆ ರಾಶೀಲಿ ಮುಖ ಹುದುಗಿಸಿ ಅತ್ತೆ. ಯಾರ ಬಟ್ಟೇನೋ ಏನೋ..."

ಅವಳು ಅವನತ್ತ ತಿರುಗಿದಳು. ಇಷ್ಟು ದಿನ ಇವನ ಮೇಲೆ ಹಲ್ಲು ಕಡಿದಿದ್ದೇನಲ್ಲ!

"ನನ್ನ ಮುಂದೆ ಅತ್ತಿದ್ರೆ ಏನಾಗ್ತಿತ್ತು? ಇಬ್ರೂ ಸೇರಿ ಅಳಬಹುದಿತ್ತು..."

"ಗಂಡಸು ಅಳೋದ್ ನೋಡಿದ್ರೆ ನೀನು ಇನ್ನೂ ಕುಸೀತೀಯ ಅಂತ."

"ಮಂಕಾ!" ಎಂದಳು. ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ಆ ಮಾತು ಮುದ್ದಾಗಿ ಬಂದಿತ್ತು.

ನರ್ಸ್ ಬಾಗಿಲು ತೆರೆದು ಕರೆದಳು. ಅವಳು ಎದ್ದು ಅವನ ತೋಳು ಹಿಡಿದಳು. "ಬನ್ನಿ. ಏನೇ ಇದ್ರೂ ಇಬ್ರೂ ನೋಡೋಣ."

ಅವನು ಮೆಲ್ಲಗೆ ತೋಳು ಬಿಡಿಸಿಕೊಂಡ.

"ನಿನ್ನ ಬಾಯಿ ಒಣಗಿದೆ. ನೀರು ತರ್ತೀನಿ."

"ಬೇಗ ಬನ್ನಿ."

"ಬಂದೆ."

ಒಳಗೆ ಮಂಚ, ಹೊಟ್ಟೆಯ ಮೇಲೆ ತಣ್ಣನೆಯ ಅಂಟು, ಸ್ಕ್ಯಾನಿಂಗ್ ಪರದೆಯ ಮೇಲೆ ಬೂದುಬಣ್ಣದ ಮಸುಕು. ಡಾಕ್ಟರಮ್ಮ ಅದನ್ನೇ ನೋಡುತ್ತಿದ್ದರು. ಅವಳು ಕಣ್ಣು ಬಿಗಿಯಾಗಿ ಮುಚ್ಚಿ, ಬಾಗಿಲ ಸದ್ದಿಗೇ ಕಿವಿಗೊಟ್ಟಳು.

"ಕಣ್ಣು ಬಿಡಮ್ಮ. ಅಗೋ, ಮಿಣುಕ್ ಮಿಣುಕ್ ಅಂತಿದೆಯಲ್ಲ? ಅದೇ ಗುಂಡಿಗೆ."

ಸಾಸಿವೆಯಷ್ಟು ಬೆಳಕು ಮಿಡಿಯುತ್ತಿತ್ತು! ಅವಳಿಗೆ ಅಳುವೂ ಬಂತು, ನಗುವೂ ಬಂತು.

"ಮತ್ತೆ ಆ ಕಲೆ, ಡಾಕ್ಟ್ರೇ?"

"ಮೊದಲ ತಿಂಗಳುಗಳಲ್ಲಿ ಹೀಗೆ ಚುಕ್ಕೆ ಕಾಣೋದು ಎಷ್ಟೋ ಜನಕ್ಕೆ ಇದ್ದದ್ದೇ. ಕಂದು ಅಂದ್ರೆ ಹಳೇ ರಕ್ತ ನಿಧಾನಕ್ಕೆ ಹೊರಬರ್ತಿದೆ ಅಂತ. ಕೂಸು ಹೋಯ್ತು ಅಂತಲ್ಲ. ಹಾಗಂತ ಬಣ್ಣ ನೋಡಿ ನೀನೇ ಧೈರ್ಯ ತಂದ್ಕೊಂಡು ಕೂರೋದೂ ಬೇಡ. ಎಂಥದ್ದೇ ರಕ್ತ ಕಂಡ್ರೂ ನಮಗೆ ತಿಳಿಸು. ಕೆಂಪಗೆ ಜಾಸ್ತಿ ಹೋದ್ರೆ, ಗಡ್ಡೆ ಬಂದ್ರೆ, ಕಿಬ್ಬೊಟ್ಟೆ ಹಿಂಡಿದ್ರೆ, ತಲೆ ಸುತ್ತಿದ್ರೆ ಆ ಗಳಿಗೇಲೇ ಓಡಿ ಬಾ."

"ಬಿಳಿ ನೀರೂ ಹೋಗುತ್ತೆ..." ಅಂದಳು ನಾಚುತ್ತ.

"ತೆಳ್ಳಗೆ ಹಾಲಿನ ಹಾಗಿದ್ರೆ ಸಹಜ. ವಾಸನೆ, ತುರಿಕೆ, ಹಸಿರೋ ಹಳದಿಯೋ ಬಣ್ಣ ಬಂದ್ರೆ ತೋರಿಸು, ಔಷಧಿ ಇದೆ. ಇದ್ರಲ್ಲಿ ನಾಚಿಕೆ ಎಂಥದ್ದು! ಮುಚ್ಚಿಟ್ಕೊಂಡು ಒಬ್ಬಳೇ ಸಾಯಬೇಡ. ಎಲ್ಲಿ ಯಜಮಾನ್ರು?"

"ನೀರು ತರೋಕೆ ಹೋಗಿದ್ದಾರೆ."

ಹೊರಗೆ ಬಂದಳು. ಬೆಂಚು ಖಾಲಿ.

ಕೂತಳು. ಹೇಳಬೇಕಾದ ಮಾತನ್ನು ತುಟಿಯ ಮೇಲೇ ಇಟ್ಟುಕೊಂಡು ಕಾದಳು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತಳು. ಫೋನ್ ಮಾಡಿದಳು. ಬಡಿದುಕೊಂಡು ಬಡಿದುಕೊಂಡು ನಿಂತಿತು. ಎದುರಿನ ಗಂಡ ಹೆಂಡತಿ ಯಾವಾಗಲೋ ಹೋಗಿದ್ದರು. ಕಸ ಗುಡಿಸುವವಳು ಬಂದು, "ಕಾಲು ಎತ್ತಮ್ಮ" ಅಂದು ಬೆಂಚಿನ ಕೆಳಗೆ ಗುಡಿಸಿ ಹೋದಳು.

ನೀರು ತರಲು ಇಷ್ಟು ಹೊತ್ತೇ? ಅವಳಿಗೆ ಎಲ್ಲ ಅರ್ಥವಾಯಿತು. ಅವನಿಗೆ ಪ್ರೀತಿ ಬೆಟ್ಟದಷ್ಟಿತ್ತು. ಕೆಟ್ಟ ಸುದ್ದಿಯ ಎದುರು ಹೆಂಡತಿಯ ಪಕ್ಕ ನಿಲ್ಲುವ ಗಂಡೆದೆ ಮಾತ್ರ ಇರಲಿಲ್ಲ.

ಕೆಟ್ಟ ಸುದ್ದಿ! ಇದ್ದರಲ್ಲವೇ ಅದು?

ನರ್ಸ್ ಪಕ್ಕದಲ್ಲಿ ಬಂದು ಕೂತಳು. "ಗಾಡಿ ಕರೀಲಾ, ತಂಗಿ?"

"ಹೂಂ."

"ಎಲ್ಲಿಗೆ ಅಂತ ಹೇಳಲಿ?"

ಮನೆಯ ಬದಲು, ಟೈಲರ್ ಕೆಲಸ ಮಾಡುವ ತನ್ನ ಚಿಕ್ಕಮ್ಮ ಇರುವ ಬೀದಿಯ ಗುರುತು ಹೇಳಿದಳು.

"ನಿಮ್ಮೋರು ಬಂದ್ರೆ?"

"ಬಂದ್ರೆ... ಕೂಸು ಬದುಕಿದೆ ಅಂತ ಹೇಳಿ ಅಕ್ಕಾ. ಅವರಿಗೇ ಮೊದಲು ಹೇಳಬೇಕು ಅಂತ ಕಾದಿದ್ಲು ಅಂತಲೂ ಹೇಳಿ."

"ಹೇಳ್ತೀನಿ. ಗಾಡಿ ಬರೋವರೆಗೂ ಇಲ್ಲೇ ಇರ್ತೀನಿ."

ನರ್ಸ್ ಅವಳ ಕೈ ಹಿಡಿದು ಕೂತಳು. ಗಾಡಿ ಬಂತು.

ಅವನು ಬರಲಿಲ್ಲ.