ನಡುಹೊಳೆಯಲ್ಲಿ ಒಂದು ಸುತ್ತು

ಅಂಕಮ್ಮ ಅವನನ್ನು ಮೊದಲ ಸಲ ನೋಡಿದಾಗ ಅವನು ಗಿರಗಿರ ತಿರುಗುತ್ತಿದ್ದ.

ಅವಳಪ್ಪ, ಬೆಳಕವಾಡಿಯ ಅಂಬಿಗ ತಿಮ್ಮಯ್ಯ, ಮುದ್ದೆ ಉಣ್ಣಲು ಮನೆಗೆ ಹೋಗಿದ್ದ. ಮದ್ದೂರಿನ ನೆಂಟರ ಹುಡುಗ, ಟೈಲರ್ ಸಿದ್ದರಾಮುವಿಗೆ ಆಚೆ ದಡದ ಮದುವೆಮನೆ ಸೇರುವ ಅವಸರ. ಹೊಲಿಗೆ ಮಿಷನ್ನನ್ನು ಹರಿಗೋಲಿಗಿಳಿಸಿ ತಾನೇ ಹುಟ್ಟು ಹಿಡಿದ. ಬುಟ್ಟಿಯಂಥ ದುಂಡು ಹರಿಗೋಲು ಹೊಸಬರ ಮಾತು ಕೇಳುತ್ತದೆಯೇ? ಒಮ್ಮೆ ಅವನ ಮುಖ, ಒಮ್ಮೆ ಬೆನ್ನು, ಮತ್ತೆ ಗಾಬರಿಯ ಮುಖ.

ಬಟ್ಟೆ ಒಗೆಯುತ್ತಿದ್ದ ಅಂಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನ್ ಟೈಲ್ರೇ, ನೀರಿಗೆ ದಾರ ಸುತ್ತಾ ಇದ್ದೀರಾ?"

"ನಗು ಕಣಮ್ಮ, ನಗು! ಇದನ್ನ ಕಲೀದೆ ಬುಟ್ರೆ ನನ್ನೆಸ್ರು ಸಿದ್ದರಾಮು ಅಲ್ಲ!"

ಮದುವೆ ಮುಗಿದರೂ ಅವನು ಊರು ಬಿಡಲಿಲ್ಲ. ತಿಮ್ಮಯ್ಯ ಏಳುವ ಮೊದಲೇ ಹೊಳೆಗಿಳಿಯುತ್ತಿದ್ದ. ಮನೆಯಿಂದ ಹುಟ್ಟು ಕದ್ದು ತಂದುಕೊಡುತ್ತಿದ್ದವಳು ಅಂಕಮ್ಮನೇ. ಅವನ ಅಂಗೈಯ ಬೊಬ್ಬೆ ನೋಡಿ ಅವಳಿಗೆ ಸಂಕಟವಾಯಿತು.

"ಬುಟ್ಬುಡಿ ಅತ್ಲಾಗೆ. ಸೂಜಿ ಇಡಿಯೋ ಕೈ."

"ಅವತ್ತು ನಕ್ಯಲ್ಲ, ಆ ನಗು ಬುಡಾಕಿಲ್ಲ ಅಂತದೆ," ಎಂದ ಅವನು.

ಅಂಕಮ್ಮ ಕೆಂಪಾಗಿ ಬಿಂದಿಗೆ ಎತ್ತಿಕೊಂಡು ಓಡಿದಳು.

ಅವನ ತಾಯಿ ಹೆಣ್ಣು ಕೇಳಲು ಬಂದಾಗ ತಿಮ್ಮಯ್ಯ ಖಡಾಖಂಡಿತ ಹೇಳಿದ: "ನಮ್ಮನೆ ಅಳಿಯ ಆಗೋನು ಆಚೆ ದಡದಿಂದ ಅರಿಗೋಲ ನೆಟ್ಟಗೆ ತರಬೇಕು. ಸುತ್ತಿದ್ರೆ ಎಣ್ಣಿಲ್ಲ."

ಪರೀಕ್ಷೆಯ ದಿನ ದಡದ ತುಂಬ ಜನ. ಅಂಕಮ್ಮ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಹರಿಗೋಲು ನೆಟ್ಟಗೇ ಬರುತ್ತಿತ್ತು. ನಡುಹೊಳೆಯಲ್ಲಿ ಸಿದ್ದರಾಮು ಅವಳ ಮುಖ ನೋಡಿದ, ನಗುವಿನ ಸುಳಿವಿಲ್ಲ. ಹುಟ್ಟನ್ನು ಒಂದೇ ಕಡೆ ಜಗ್ಗಿದ. ಮುಖ, ಬೆನ್ನು, ಮತ್ತೆ ಮುಖ. ಈ ಸಲ ಅದರಲ್ಲಿ ಬರೀ ತುಂಟತನ. ಅಂಕಮ್ಮ ತಡೆಯಲಾಗದೆ ನಕ್ಕುಬಿಟ್ಟಳು.

"ಕೆಟ್ಟ ನೋಡು! ಎಣ್ಣು ಕೊಡಾಕಿಲ್ಲ," ತಿಮ್ಮಯ್ಯ ಟವಲು ಕೊಡವಿ ಎದ್ದ.

"ಅಪ್ಪಯ್ಯ, ಅದು ಬೇಕೂ ಅಂತ ಸುತ್ತಿದ್ದು! ದಿನಾ ಬೆಳಿಗ್ಗೆ ನೆಟ್ಟಗೇ ನಡುಸ್ತಾರೆ!"

"ನಿಂಗೆಂಗವ್ವ ಗೊತ್ತು?"

ಊರೆಲ್ಲ ಅವಳತ್ತ ತಿರುಗಿತು. ಅಂಕಮ್ಮ ನಾಲಿಗೆ ಕಚ್ಚಿಕೊಂಡಳು. ಈಗ ಸುಮ್ಮನಿದ್ದರೆ ಅವನು ಕೈತಪ್ಪುತ್ತಾನೆ.

"ಉಟ್ಟು ತಂದ್ಕೊಡ್ತಿದ್ದೋಳು ನಾನೇ ಕಣಪ್ಪ. ಮದ್ವೆ ಅಂತಾದ್ರೆ ಅವ್ರನ್ನೇ."

ತಿಮ್ಮಯ್ಯ ಮಗಳನ್ನು ನೋಡಿದ, ಹೊಳೆಯನ್ನು ನೋಡಿದ. "ಅದ್ಕೇ ದಿನಾ ಉಟ್ಟು ವದ್ದೆ ಇರ್ತಿತ್ತು! ನಾನು ಇಬ್ಬನಿ ಅನ್ಕೊಂಡಿದ್ದೆ." ಮೀಸೆಯಡಿಯಲ್ಲೇ ನಕ್ಕು ಕೂಗಿದ: "ಬಾರಪ್ಪ ಅಳಿಯ, ದಡಕ್ಕೆ ಬಾ!"

ಅಳಿಯ ಬರಲಿಲ್ಲ. ಖುಷಿಗೆ ಅವನು ಹುಟ್ಟು ಹಾಕುವುದನ್ನೇ ಮರೆತಿದ್ದ; ಹರಿಗೋಲು ನಿಜವಾಗಿಯೂ ಗಿರಗಿರ ಸುತ್ತತೊಡಗಿತ್ತು.